ಕಾಲುವೆ, ಕೋಡಿ, ಟ್ಯಾಂಕು: ನಗರದ ಡಿಜಿಟಲ್ ಟ್ವಿನ್ ಬಗ್ಗೆ ಓದುಗರ ಪ್ರಶ್ನೆಗಳು

2015ರ ಜೂನ್ 25ರಂದು ಶುರುವಾದ ಸ್ಮಾರ್ಟ್ ಸಿಟೀಸ್ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಬೆಂಗಳೂರು, ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು, ದಾವಣಗೆರೆ – ರಾಜ್ಯದ ಈ ಏಳು ನಗರಗಳಲ್ಲಿ ಕಂಟ್ರೋಲ್ ಸೆಂಟರ್‌ಗಳು ಬಂದವು, ಸೆನ್ಸರ್‌ಗಳು ಕೂತವು. ಅಲ್ಲಿಗೆ ಬಂದು ಸೇರುವ ಅಂಕಿಗಳಿಂದ ಮುಂದೇನು ಮಾಡಬಹುದು ಎಂಬುದು ಈಗಿನ ಪ್ರಶ್ನೆ. ಒಂದು ದಾರಿ ಡಿಜಿಟಲ್ ಟ್ವಿನ್, ಅಂದರೆ ನೆಲದ ಮೇಲಿನ ವಸ್ತುವಿನೊಡನೆ ಮಾಹಿತಿಯಿಂದ ಬೆಸೆದ ಅದರ ಡಿಜಿಟಲ್ ಪ್ರತಿರೂಪ. ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ನೀರಿನ ವಿಚಾರವೇ ಹೆಚ್ಚು. ಹಾಗಾಗಿ ಉತ್ತರಗಳೂ ಮಳೆನೀರು, ಕುಡಿಯುವ ನೀರಿನ ಸುತ್ತಲೇ ಇವೆ.

ಪ್ರಶ್ನೆ: ಒಂದು ಕಂಪನಿಯವರು ನಮ್ಮ ಊರಿನ 3ಡಿ ನಕ್ಷೆ ತೋರಿಸಿ ‘ಇದೇ ಡಿಜಿಟಲ್ ಟ್ವಿನ್’ ಎಂದರು. ಕಟ್ಟಡಗಳೆಲ್ಲ ಬಹಳ ಚೆನ್ನಾಗಿ ಕಾಣುತ್ತವೆ. ಟೆಂಡರ್ ಕರೆಯುವ ಮೊದಲು ನಾವು ಏನೇನು ಕೇಳಬೇಕು?
– ಸ್ಥಳೀಯ ಸಂಸ್ಥೆಯೊಂದರ ಸಹಾಯಕ ಎಂಜಿನಿಯರ್

ಬರಿಯ 3ಡಿ ನಕ್ಷೆ ಟ್ವಿನ್ ಅಲ್ಲ. ಮಾಹಿತಿ ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದನ್ನು ನೋಡಿ. ಯಾರಾದರೂ ಕೂತು ಕೈಯಿಂದ ತಿದ್ದಿದರೆ ಮಾತ್ರ ಬದಲಾಗುವುದು ಡಿಜಿಟಲ್ ಮಾದರಿ. ಮೀಟರಿನ ಅಳತೆ ತಾನಾಗಿ ಬಂದು ಮಾದರಿಯ ಸ್ಥಿತಿಯನ್ನು ತಿದ್ದುತ್ತಿದ್ದರೆ ಅದನ್ನು ಡಿಜಿಟಲ್ ಶ್ಯಾಡೋ ಎನ್ನುತ್ತಾರೆ. ಮಾದರಿ ಮಾಡಿದ ಲೆಕ್ಕ ತಿರುಗಿ ನೆಲದ ಮೇಲಿನ ವಸ್ತುವಿಗೂ ತಲುಪಿ, ಅಲ್ಲಿ ವಾಲ್ವೋ ಪಂಪೋ ಅದರಂತೆ ನಡೆದರೆ ಆಗ ಅದು ಟ್ವಿನ್. 2002ರಲ್ಲಿ ಮೈಕೆಲ್ ಗ್ರೀವ್ಸ್ ಈ ಕಲ್ಪನೆಯನ್ನು ಮುಂದಿಟ್ಟಾಗಲೂ ಅದರಲ್ಲಿ ನಿಜವಾದ ವಸ್ತು, ಅದರ ಡಿಜಿಟಲ್ ರೂಪ, ಇವೆರಡನ್ನೂ ಬೆಸೆಯುವ ಮಾಹಿತಿ – ಈ ಮೂರೂ ಇದ್ದವು. ಮೂರನೆಯದು ಇಲ್ಲದಿದ್ದರೆ ಉಳಿಯುವುದು ಚಿತ್ರ.

ಪ್ರದರ್ಶನದ ದಿನ ಪರದೆಯ ಮೇಲಿನ ಒಂದು ಮೋರಿಯನ್ನು ತೋರಿಸಿ ಕೇಳಿ: ಇದರ ತಳಮಟ್ಟ ಎಷ್ಟು? ಇದಕ್ಕೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ? ಹೂಳನ್ನು ಕಡೆಯ ಸಲ ಅಳೆದದ್ದು ಯಾವಾಗ? ಗಂಟೆಗೆ 60 ಮಿ.ಮೀ. ಮಳೆ ಸುರಿದರೆ ಇಲ್ಲಿ ನೀರು ಎಷ್ಟು ಎತ್ತರ ಏರುತ್ತದೆ? ಹೆಚ್ಚಿನ ಕಡೆ ಮೊದಲ ಪ್ರಶ್ನೆಗೇ ಉತ್ತರ ಬರುವುದಿಲ್ಲ. ಡ್ರೋನ್ ಫೋಟೋಗಳಿಂದ ಹೆಣೆದ ಮೇಲ್ಮೈಗೆ ಕಟ್ಟಡ, ರಸ್ತೆ, ಮರ ಬೇರೆ ಬೇರೆ ಎಂಬುದು ಗೊತ್ತಿರುವುದಿಲ್ಲ. ಅದರ ಪಾಲಿಗೆ ಎಲ್ಲವೂ ಒಂದೇ ಹೊದಿಕೆ. ಆದ್ದರಿಂದ ವಸ್ತುಗಳನ್ನು ಬಿಡಿಬಿಡಿಯಾಗಿ ಗುರುತಿಸಿ, ನಗರದ 3ಡಿ ವಸ್ತುಗಳನ್ನು ಬರೆದಿಡುವ ಸಿಟಿಜಿಎಂಎಲ್ ಅಥವಾ ಸಿಟಿಜೇಸನ್ ರೂಪದಲ್ಲಿ ಕೊಡಬೇಕು ಎಂದು ಟೆಂಡರ್‌ನಲ್ಲೇ ಬರೆಯಿರಿ.

ಇನ್ನೆರಡು ಷರತ್ತುಗಳನ್ನು ಬಿಡಲೇಬೇಡಿ. ಒಂದು, ನೀರಿನ ಹರಿವಿನ ಲೆಕ್ಕದ ಮೂಲ ಕಡತ ನಿಮ್ಮ ಕೈಗೆ ಬರಬೇಕು. ಬರಿಯ ವರದಿ ಸಾಲದು. ಎರಡು, ಮಾದರಿ ಮುಂಚಿತವಾಗಿ ಹೇಳಿದ ಮಟ್ಟವನ್ನೂ ಆಮೇಲೆ ಸೆನ್ಸರ್ ಅಳೆದ ಮಟ್ಟವನ್ನೂ ಅಕ್ಕಪಕ್ಕದಲ್ಲಿ ಉಳಿಸಿಡಬೇಕು. ಹೇಳಿದ್ದಕ್ಕೂ ಆದದ್ದಕ್ಕೂ ಎಷ್ಟು ಅಂತರ ಎಂದು ತೋರಿಸಲಾಗದ ಟ್ವಿನ್‌ಗೆ ಹಣ ಕೊಡಲು ಕಾರಣವೇ ಇಲ್ಲ.

ಪ್ರಶ್ನೆ: ಬೆಂಗಳೂರಿನ ಒಂದು ರಾಜಕಾಲುವೆಯ ಸುಮಾರು 1 ಕಿ.ಮೀ. ಭಾಗಕ್ಕೆ ಡಿಜಿಟಲ್ ಟ್ವಿನ್ ಮಾಡುವುದು ನಮ್ಮ ಕೊನೆಯ ವರ್ಷದ ಪ್ರಾಜೆಕ್ಟ್. ನಾವು ನಾಲ್ವರು, ಇಬ್ಬರು ಸಿವಿಲ್, ಇಬ್ಬರು ಎಲೆಕ್ಟ್ರಾನಿಕ್ಸ್. ಎಲ್ಲಿಂದ ಶುರು ಮಾಡಬೇಕು, ಯಾವ ಸೆನ್ಸರ್ ಕೊಳ್ಳಬೇಕು?
– ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಬೆಂಗಳೂರು

ಸೆನ್ಸರ್ ಕೊಳ್ಳುವುದು ಮೂರನೆಯ ಕೆಲಸ. ಮೊದಲು ಒಂದು ಪ್ರಶ್ನೆ ಹಿಡಿಯಿರಿ. ‘ಮೇಲ್ಭಾಗದಲ್ಲಿ ಮಳೆ ಜೋರಾದ ಎಷ್ಟು ಹೊತ್ತಿಗೆ ಕೆಳಗಿನ ಸೇತುವೆಯ ಬಳಿ ನೀರು ದಡ ಮೀರುತ್ತದೆ?’ – ಇಷ್ಟು ಸಾಕು. ಈ ಪ್ರಶ್ನೆಗೆ ಬೇಡದ ಅಳತೆ ಯಾವುದೂ ಬೇಡ.

ಜಾಗ ಆರಿಸುವಾಗ ಕಾಲುವೆಯ ಒಂದು ತುದಿ ಕೆರೆಯ ಕೋಡಿಗೆ ಹತ್ತಿರವಿರಲಿ. ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳಲ್ಲಿ ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ ಹೋಗುವ ಹಳೆಯ ಸರಪಳಿ ಇನ್ನೂ ಅಲ್ಲಲ್ಲಿ ಉಳಿದಿದೆ. ಕೋಡಿ ಎಂದರೆ ಹಿರಿಯರು ಕಟ್ಟಿಟ್ಟ ಹರಿವಿನ ಮಾಪಕವೇ ಸರಿ. ಅಗಲ ದಿಬ್ಬದ ಕೋಡಿಗೆ ಸ್ಥೂಲವಾಗಿ ಹರಿವು = 1.7 × ಕೋಡಿಯ ಉದ್ದ × (ಕೋಡಿಯ ಮೇಲಿನ ನೀರಿನ ಎತ್ತರದ 1.5 ಘಾತ). 10 ಮೀಟರ್ ಕೋಡಿಯ ಮೇಲೆ 30 ಸೆಂ.ಮೀ. ನೀರು ಹರಿದರೆ ಸೆಕೆಂಡಿಗೆ ಸುಮಾರು 2.8 ಘನ ಮೀಟರ್. ಕಾಲುವೆಯ ನಡುವೆ ಇಷ್ಟು ಸುಲಭವಾಗಿ ಹರಿವು ಸಿಗುವುದಿಲ್ಲ. ಅಲ್ಲಿ ತೇಲುವ ವಸ್ತುವೊಂದನ್ನು ನೀರಿಗೆ ಬಿಟ್ಟು ಮೇಲ್ಮೈ ವೇಗ ಅಳೆದು, ಅದನ್ನು 0.85ರಿಂದ ಗುಣಿಸಿ ಸರಾಸರಿ ವೇಗ ಕಂಡುಕೊಳ್ಳಬೇಕು.

ಎರಡನೆಯ ಕೆಲಸ ಮಟ್ಟ ಹಿಡಿಯುವುದು. ಹೆಚ್ಚಿನ ವಿದ್ಯಾರ್ಥಿ ಪ್ರಾಜೆಕ್ಟ್‌ಗಳು ಸೋಲುವುದು ಇಲ್ಲೇ. ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುವ 30 ಮೀಟರ್ ಚೌಕದ ಉಪಗ್ರಹ ಎತ್ತರ ನಕ್ಷೆಯಲ್ಲಿ ಹಲವು ಮೀಟರ್ ದೋಷವಿರುತ್ತದೆ. ಕಾಲುವೆಯ ಇಳಿಜಾರು 1000ಕ್ಕೆ 1 ಇದ್ದರೆ ಇಡೀ ಕಿಲೋಮೀಟರಿನ ಇಳಿತವೇ 1 ಮೀಟರ್. ಆ ನಕ್ಷೆ ನಂಬಿದರೆ ನೀರು ಹಿಂದಕ್ಕೆ ಹರಿಯುತ್ತದೆ. ಕಾಲೇಜಿನ ಸರ್ವೇ ಲ್ಯಾಬಿನ ಆಟೋ ಲೆವೆಲ್ (ಎತ್ತರದ ವ್ಯತ್ಯಾಸ ಅಳೆಯುವ ಉಪಕರಣ) ತೆಗೆದುಕೊಂಡು ಪ್ರತಿ 50 ಮೀಟರಿಗೆ, ಅಗಲ ಬದಲಾಗುವಲ್ಲಿ, ಪ್ರತಿ ಸೇತುವೆ ಮತ್ತು ಪೈಪು ಸೇರುವಲ್ಲಿ ತಳಮಟ್ಟ ಮತ್ತು ದಡದ ಮಟ್ಟ ಹಿಡಿಯಿರಿ. ಡಿಜಿಪಿಎಸ್ (ಹೆಚ್ಚು ನಿಖರವಾದ ಜಿಪಿಎಸ್) ಬಳಸಿದರೆ ಅದು ಕೊಡುವ ಎತ್ತರ ಸಮುದ್ರಮಟ್ಟದಿಂದ ಅಲ್ಲ, ಎಲಿಪ್ಸಾಯ್ಡ್‌ನಿಂದ, ಅಂದರೆ ಭೂಮಿಯ ಗಣಿತರೂಪದ ಮೇಲ್ಮೈಯಿಂದ. ಬೆಂಗಳೂರಿನಲ್ಲಿ ಇವೆರಡಕ್ಕೂ 80 ಮೀಟರಿಗಿಂತ ಹೆಚ್ಚು ಅಂತರವಿದೆ. ಅರ್ಧ ಬಿಂದುಗಳು ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ ಬೆರೆತರೆ ತಪ್ಪು ಕೂಡಲೇ ಕಾಣುತ್ತದೆ. ಬೆಂಚ್‌ಮಾರ್ಕ್ (ಎತ್ತರ ಮೊದಲೇ ಗೊತ್ತಿರುವ ಗುರುತು) ಬದಲಾದಾಗ ನುಸುಳುವ 20-30 ಸೆಂ.ಮೀ. ತಪ್ಪು ಕಾಣುವುದಿಲ್ಲ, ಅದೇ ಅಪಾಯ. ಇಳಿಯುವ ಮೊದಲು ಪಾಲಿಕೆಯ ಬೃಹತ್ ನೀರುಗಾಲುವೆ ವಿಭಾಗದ ಅನುಮತಿ ಪಡೆಯಿರಿ. ಮೋಡ ಕವಿದ ದಿನ ಯಾರೂ ಕಾಲುವೆಗೆ ಇಳಿಯಬಾರದು.

ಲೆಕ್ಕಕ್ಕೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ, ಮಳೆನೀರಿನ ಹರಿವು ಲೆಕ್ಕ ಮಾಡುವ ಸ್ವಿಮ್ (SWMM) ತಂತ್ರಾಂಶ ಉಚಿತ, ಮೂಲ ಸಂಕೇತವೂ ತೆರೆದಿದೆ. ಪೈಥಾನ್‌ನಿಂದ ನಡೆಸಲು ಪೈಸ್ವಿಮ್ ಇದೆ. ಮಳೆ ಬೀಳುವ ಪ್ರದೇಶವನ್ನು ತುಂಡು ಮಾಡಿ ಪ್ರತಿ ತುಂಡಿಗೂ ವಿಸ್ತೀರ್ಣ, ಅಗಲ, ಇಳಿಜಾರು, ಕಾಂಕ್ರೀಟು-ಡಾಂಬರು ಮುಚ್ಚಿದ ಶೇಕಡಾವಾರು ಕೊಡಿ. ಕೂಡುವ ಜಾಗಗಳು ನೋಡ್‌ಗಳು, ನಡುವಿನ ಕಾಲುವೆ ಭಾಗಗಳು ಲಿಂಕ್‌ಗಳು. ಹರಿವಿನ ವಿಧಾನ ಡೈನಮಿಕ್ ವೇವ್ ಇರಲಿ. ಇಲ್ಲದಿದ್ದರೆ ಕೆಳಗಿನ ಸೇತುವೆ ಕಟ್ಟಿಕೊಂಡು ನೀರು ಹಿಂದಕ್ಕೆ ಏರುವುದು ಲೆಕ್ಕಕ್ಕೇ ಬರುವುದಿಲ್ಲ. 1 ಹೆಕ್ಟೇರಿನ ಮೇಲೆ 1 ಮಿ.ಮೀ. ಮಳೆ ಎಂದರೆ 10 ಘನ ಮೀಟರ್ ನೀರು ಎಂಬುದನ್ನು ನೆನಪಿಟ್ಟುಕೊಂಡು ತಂತ್ರಾಂಶದ ಉತ್ತರವನ್ನು ಕಾಗದದ ಮೇಲೂ ತಾಳೆ ನೋಡಿ. 50 ಹೆಕ್ಟೇರ್, ಗಂಟೆಗೆ 60 ಮಿ.ಮೀ. ಮಳೆ, ಶೇ. 80 ಹರಿದು ಬರುತ್ತದೆ ಎಂದರೆ ಸೆಕೆಂಡಿಗೆ ಸುಮಾರು 6.7 ಘನ ಮೀಟರ್. ಸ್ವಿಮ್ ಇದರ ಹತ್ತಿರಕ್ಕೂ ಬರದಿದ್ದರೆ ಎಲ್ಲೋ ಏಕಮಾನ ತಪ್ಪಿದೆ.

ಈಗ ಸೆನ್ಸರ್. ಕನಿಷ್ಠ ಎರಡು ಮಳೆಮಾಪಕ, ಎರಡು ನೀರಿನ ಮಟ್ಟದ ಸೆನ್ಸರ್. ಏಪ್ರಿಲ್-ಮೇ ತಿಂಗಳ ಸಂಜೆ ಮಳೆ ಒಂದು ಬಡಾವಣೆಯಲ್ಲಿ ಸುರಿದು ಪಕ್ಕದ ಬಡಾವಣೆಯನ್ನು ಒಣದಾಗಿಯೇ ಬಿಟ್ಟು ಹೋಗುತ್ತದೆ. ಒಂದೇ ಮಾಪಕ ನಂಬಿದರೆ ಮಾದರಿಗೆ ಸುಳ್ಳು ಹೇಳಿದಂತೆ. 0.2 ಮಿ.ಮೀ.ಗೆ ಒಂದು ಸಲ ಮಗುಚುವ ಟಿಪ್ಪಿಂಗ್ ಬಕೆಟ್ ಮಾಪಕ ಸಾಕು. ಬಲವಾದ ಮಳೆಯಲ್ಲಿ ಬಕೆಟ್ ಮಗುಚುವಷ್ಟರಲ್ಲಿ ಬಿದ್ದ ನೀರು ಲೆಕ್ಕ ತಪ್ಪುವುದರಿಂದ ಅದು ಕಡಿಮೆ ತೋರಿಸುತ್ತದೆ. ಪಕ್ಕದಲ್ಲಿ ಸಾದಾ ಮಳೆಮಾಪಕವೊಂದನ್ನು ಇಟ್ಟು ದಿನದ ಮೊತ್ತವನ್ನು ಹೋಲಿಸಿ ತಿದ್ದಿಕೊಳ್ಳಿ. ಬಾಯಿಗೆ ಎಲೆ ಸಿಕ್ಕಿಕೊಂಡರೆ ಮಳೆ ನಿಂತ ಮೇಲೂ ಗಂಟೆಗಟ್ಟಲೆ ತೊಟ್ಟಿಕ್ಕುತ್ತದೆ. ದಾಖಲೆಯಲ್ಲಿ ಅದು ಮಂದ ಸೋನೆಯಂತೆ ಕಾಣುತ್ತದೆ.

ಮಟ್ಟಕ್ಕೆ ಅಲ್ಟ್ರಾಸಾನಿಕ್ ಅಗ್ಗ, ಆದರೆ ಇಲ್ಲಿ ಬೇಡ ಎಂದೇ ನಮ್ಮ ಸಲಹೆ. ಶಬ್ದದ ವೇಗ ಗಾಳಿಯ ಬಿಸಿಯೊಂದಿಗೆ ಏರುತ್ತದೆ: 20 ಡಿಗ್ರಿಗೂ 35 ಡಿಗ್ರಿಗೂ ಶೇ. 2.5ರಷ್ಟು ವ್ಯತ್ಯಾಸ, ಅಂದರೆ 3 ಮೀಟರ್ ದೂರಕ್ಕೆ ಸುಮಾರು 8 ಸೆಂ.ಮೀ. ತಾಪಮಾನ ತಿದ್ದುಪಡಿ ಇರುವ ಸೆನ್ಸರ್ ಕೂಡ ಬಿಸಿಲಿಗೆ ಕಾದ ತನ್ನ ಪೆಟ್ಟಿಗೆಯ ಬಿಸಿಯನ್ನೇ ಗಾಳಿಯ ಬಿಸಿ ಎಂದುಕೊಳ್ಳುತ್ತದೆ. ಮೇಲಾಗಿ ನಮ್ಮ ಕಾಲುವೆಗಳಲ್ಲಿ ನೊರೆ. ನೊರೆ ಶಬ್ದವನ್ನು ನುಂಗುತ್ತದೆ. ಒತ್ತಡದ ಸೆನ್ಸರನ್ನು ತಳದಲ್ಲಿಟ್ಟರೆ ಒಂದೇ ಮಳೆಗೆ ಹೂಳಿನಡಿ ಹೋಗುತ್ತದೆ. ಹಣ ಹೊಂದಿಸಿಕೊಂಡು 80 ಗಿಗಾಹರ್ಟ್ಸ್ ರೇಡಾರ್ ಸೆನ್ಸರನ್ನು ಸೇತುವೆಯ ಕೆಳಹರಿವಿನ ಬದಿಗೆ, ಗೋಡೆಯಿಂದ ದೂರಕ್ಕೆ ಚಾಚಿದ ತೋಳಿನ ಮೇಲೆ ಕೂರಿಸಿ. ಮೇಲಿನಿಂದ ನೋಡುವ ಸೆನ್ಸರ್ ಸಾಮಾನ್ಯವಾಗಿ ತನ್ನ ಮುಖದ ಹತ್ತಿರ ಒಂದಿಷ್ಟು ದೂರ ಕುರುಡಾಗಿರುತ್ತದೆ. ಅಲ್ಟ್ರಾಸಾನಿಕ್‌ನಲ್ಲಿ ಸಾಮಾನ್ಯವಾಗಿ 25-30 ಸೆಂ.ಮೀ. ನೀರು ಅಲ್ಲಿಯವರೆಗೆ ಏರಿದರೆ ಅಂಕಿ ಕೆಡುತ್ತದೆ, ಅದೂ ಪ್ರವಾಹದ ಹೊತ್ತಿನಲ್ಲೇ. ಆದ್ದರಿಂದ ದಡದ ಮಟ್ಟಕ್ಕಿಂತ ಕನಿಷ್ಠ ಅರ್ಧ ಮೀಟರ್ ಮೇಲಿರಲಿ.

ಮಾದರಿಯನ್ನು ಹದಗೊಳಿಸುವಾಗ ಎರಡು ಅಂಕಿ ಎಲ್ಲವನ್ನೂ ಆಳುತ್ತವೆ: ಮ್ಯಾನಿಂಗ್ ಒರಟುತನ (ಕಾಲುವೆಯ ಮೈ ಹರಿವನ್ನು ಎಷ್ಟು ತಡೆಯುತ್ತದೆ ಎಂಬ ಅಂಕಿ) ಮತ್ತು ಹೂಳು. 4 ಮೀಟರ್ ಅಗಲದ ಕಾಂಕ್ರೀಟು ಕಾಲುವೆ, 1.5 ಮೀಟರ್ ನೀರು, ಇಳಿಜಾರು 1000ಕ್ಕೆ 1 ಎಂದುಕೊಳ್ಳಿ. ಒರಟುತನ 0.015 ಇದ್ದಾಗ ಸೆಕೆಂಡಿಗೆ 11.4 ಘನ ಮೀಟರ್ ಸಾಗುತ್ತದೆ. ಗಿಡಗಂಟಿ, ಕಸ ಸೇರಿ ಒರಟುತನ 0.030 ಆದರೆ ಸಾಗುವುದು 5.7 ಮಾತ್ರ. ಒರಟುತನ 0.015 ಆಗಿಯೇ ಇದ್ದು, ನೀರಿನ ಮೇಲ್ಮಟ್ಟವೂ ಬದಲಾಗದೆ ತಳದಲ್ಲಿ ಅರ್ಧ ಮೀಟರ್ ಹೂಳು ಕೂತರೆ 6.4. ಅಂದರೆ ಹೂಳೆತ್ತಿದರೋ ಇಲ್ಲವೋ ಎಂಬ ಒಂದು ಮಾಹಿತಿ ಇಲ್ಲದೆ ಉಳಿದ ಎಲ್ಲ ಸೆನ್ಸರ್‌ಗಳ ನಿಖರತೆಯೂ ವ್ಯರ್ಥ. ಪ್ರತಿ ಕಾಲುವೆ ಭಾಗಕ್ಕೂ ‘ಹೂಳಿನ ಆಳ’, ‘ಅಳೆದ ದಿನಾಂಕ’ ಎಂಬ ಎರಡು ಗುಣಗಳನ್ನು ಕಡ್ಡಾಯ ಮಾಡಿ, ಮಳೆಗಾಲಕ್ಕೆ ಮುಂಚೆ ಗುರುತುಕೋಲಿನಿಂದ ಅಳೆದು ತುಂಬಿ.

ಮಳೆಯಿಲ್ಲದ ದಿನವೂ ಕಾಲುವೆಯಲ್ಲಿ ನೀರಿರುತ್ತದೆ, ಅದು ಒಳಚರಂಡಿ ನೀರು. ಬೆಳಗಿನ ಹೊತ್ತು ಏರುತ್ತದೆ, ನಡುರಾತ್ರಿ ಇಳಿಯುತ್ತದೆ. ಒಂದು ವಾರ ಒಣ ದಿನಗಳ ಮಟ್ಟ ದಾಖಲಿಸಿ, ಅದನ್ನು ಸ್ವಿಮ್‌ನಲ್ಲಿ ಒಣಹವೆಯ ಹರಿವಾಗಿ ಸೇರಿಸಿ. ಇದನ್ನು ಬಿಟ್ಟರೆ ಸಣ್ಣ ಮಳೆಗಳಲ್ಲಿ ಮಾದರಿ ಯಾವಾಗಲೂ ಕಡಿಮೆ ಹೇಳುತ್ತದೆ. ನೀವು ಕಾರಣ ತಿಳಿಯದೆ ಒರಟುತನವನ್ನು ತಿರುಚುತ್ತ ಕೂರುತ್ತೀರಿ. ಕೆಲವು ಮಳೆಗಳಿಂದ ಹದಗೊಳಿಸಿ, ಮುಟ್ಟದೆ ಇಟ್ಟ ಬೇರೆ ಮಳೆಗಳ ಮೇಲೆ ಪರೀಕ್ಷಿಸಿ. ಮಾದರಿ ಹೇಳಿದ್ದು ಅಳತೆಗೆ ಎಷ್ಟು ಹೊಂದುತ್ತದೆ ಎಂದು ತೋರಿಸುವ ನ್ಯಾಶ್-ಸಟ್‌ಕ್ಲಿಫ್ ಅಂಕ 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. 0 ಬಂದರೆ ಸರಾಸರಿ ಮಟ್ಟವನ್ನೇ ಊಹಿಸಿದ್ದಕ್ಕಿಂತ ನಿಮ್ಮ ಮಾದರಿ ಮೇಲಲ್ಲ ಎಂದರ್ಥ. ಅದಕ್ಕಿಂತ ಮುಖ್ಯವಾಗಿ, ನೀರು ಗರಿಷ್ಠ ಮಟ್ಟ ತಲುಪಿದ ಹೊತ್ತು ಎಷ್ಟು ನಿಮಿಷ ತಪ್ಪಿತು ನೋಡಿ. ನಿಮ್ಮ ಪ್ರಶ್ನೆ ಇದ್ದದ್ದೇ ಹೊತ್ತಿನ ಬಗ್ಗೆ.

ಕೊನೆಗೆ ಇದನ್ನು ಜೀವಂತ ಓಡಿಸುವುದು. ಪ್ರತಿ 15 ನಿಮಿಷಕ್ಕೆ ಹಿಂದಿನ ಸ್ಥಿತಿಯನ್ನು ಹಾಟ್‌ಸ್ಟಾರ್ಟ್ ಕಡತದಿಂದ ಎತ್ತಿಕೊಂಡು, ಬಿದ್ದ ಮಳೆಯನ್ನು ಸೇರಿಸಿ, ಮುಂದಿನ ಒಂದು ಗಂಟೆಗೆ ಎರಡು ಸಲ ಲೆಕ್ಕ ಹಾಕಿ: ‘ಮಳೆ ಈಗಲೇ ನಿಂತರೆ’, ‘ಇದೇ ರಭಸದಲ್ಲಿ ಮುಂದುವರಿದರೆ’. ಇವೆರಡರ ನಡುವಿನ ಪಟ್ಟಿಯೇ ಸೇತುವೆಯ ಬಳಿಯವರಿಗೆ ಬೇಕಾದ ಉತ್ತರ.

ಪ್ರಶ್ನೆ: ನಮ್ಮ ತಂಡ ಸಾಧನಗಳ ಡೇಟಾ ಮಾದರಿ ಬರೆಯುತ್ತಿದೆ. ಎನ್‌ಜಿಎಸ್‌ಐ-ಎಲ್‌ಡಿ, ಡಬ್ಲ್ಯು3ಸಿ ಥಿಂಗ್ ಡಿಸ್ಕ್ರಿಪ್ಷನ್, ಸೆನ್ಸರ್‌ಥಿಂಗ್ಸ್, ಡಿಟಿಡಿಎಲ್ – ಯಾವುದನ್ನು ಹಿಡಿಯಬೇಕು?
– ಸಾಫ್ಟ್‌ವೇರ್ ಎಂಜಿನಿಯರ್, ಮಂಗಳೂರು

ಇವು ಒಂದಕ್ಕೊಂದು ಪೂರ್ತಿ ಎದುರಾಳಿಗಳಲ್ಲ. ಥಿಂಗ್ ಡಿಸ್ಕ್ರಿಪ್ಷನ್ ಹೇಳುವುದು ಒಂದು ಸಾಧನದೊಡನೆ ಹೇಗೆ ಮಾತಾಡಬೇಕು ಎಂಬುದನ್ನು: ಅದರ ಗುಣಗಳು, ಕ್ರಿಯೆಗಳು, ಘಟನೆಗಳು, ವಿಳಾಸ. ಭೂಮಾಹಿತಿ ಮಾನಕಗಳ ಸಂಸ್ಥೆ ಓಜಿಸಿಯ ಸೆನ್ಸರ್‌ಥಿಂಗ್ಸ್ ಅಳತೆಗಳ ಉದ್ದನೆಯ ದಾಖಲೆಗೆ ಹೇಳಿಮಾಡಿಸಿದ್ದು. ಯುರೋಪಿನ ಮಾನಕ ಸಂಸ್ಥೆ ಎಟ್ಸಿಯ ಎನ್‌ಜಿಎಸ್‌ಐ-ಎಲ್‌ಡಿ ವಸ್ತುಗಳ ಈಗಿನ ಸ್ಥಿತಿ ಮತ್ತು ಅವುಗಳ ಸಂಬಂಧಗಳಿಗೆ ಸರಿ. ಡಿಟಿಡಿಎಲ್ ಮೈಕ್ರೋಸಾಫ್ಟ್‌ನ ಭಾಷೆ. ಆ ಕ್ಲೌಡ್‌ನಲ್ಲೇ ಇರುತ್ತೀರಿ ಎಂದಾದರೆ ಮಾತ್ರ ಅದು ಸಹಜ. ಹಲವು ಇಲಾಖೆಗಳು ಕೈಜೋಡಿಸುವ ನಗರಕ್ಕೆ ಎನ್‌ಜಿಎಸ್‌ಐ-ಎಲ್‌ಡಿಯೇ ನಮ್ಮ ಆಯ್ಕೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಬೆಳೆದ, ನಗರಗಳ ದತ್ತಾಂಶ ವಿನಿಮಯದ ವೇದಿಕೆಯಾದ ಐಯುಡಿಎಕ್ಸ್ ಮೂಲಕ ದತ್ತಾಂಶ ಹಂಚಿಕೊಳ್ಳುವ ಯೋಚನೆಯಿದ್ದರೆ ಬಿಐಎಸ್‌ನ ಐಎಸ್ 18003 ಮಾನಕವನ್ನೂ ಮೊದಲೇ ಓದಿಕೊಳ್ಳಿ.

ಯಾವುದನ್ನು ಹಿಡಿದರೂ ಒಂದು ವಿಷಯದಲ್ಲಿ ರಾಜಿ ಬೇಡ: ಸಾಧನ ಬೇರೆ, ಅದು ಅಳೆಯುವ ವಸ್ತು ಬೇರೆ. ‘ಮಟ್ಟ’ ಎಂಬುದು ಸೆನ್ಸರಿನ ಗುಣವಲ್ಲ, ಕಾಲುವೆಯ ಗುಣ. ಸೆನ್ಸರಿಗೆ ಸೇರಿದ್ದು ಬ್ಯಾಟರಿ ವೋಲ್ಟೇಜು, ಸಿಗ್ನಲ್ ಬಲ, ಫರ್ಮ್‌ವೇರ್ ಆವೃತ್ತಿ, ತಯಾರಕರ ಸಂಖ್ಯೆ. ಇವೆರಡನ್ನೂ ಒಂದೇ ಎಂಟಿಟಿಯಲ್ಲಿ (ಒಂದು ವಸ್ತುವಿನ ದಾಖಲೆಯಲ್ಲಿ) ಕಲಸಿದರೆ ಸೆನ್ಸರ್ ಕೆಟ್ಟು ಹೊಸದು ಬಂದ ದಿನ ಕಾಲುವೆಯ ಇತಿಹಾಸ ತುಂಡಾಗುತ್ತದೆ. ಬೇರೆ ಬೇರೆ ಇಟ್ಟರೆ ‘ಈ ಸಾಧನ ಈ ಕಾಲುವೆ ಭಾಗವನ್ನು ಅಳೆಯುತ್ತದೆ’ ಎಂಬ ಒಂದು ಸಂಬಂಧವನ್ನು ಬದಲಿಸಿದರೆ ಸಾಕು. ಗುರುತಿನ ಸಂಖ್ಯೆಯಲ್ಲಿ ವಾರ್ಡ್ ಸಂಖ್ಯೆ, ರಸ್ತೆ ಹೆಸರು, ಕಂಪನಿ ಹೆಸರು ಸೇರಿಸಬೇಡಿ. ವಾರ್ಡ್ ಗಡಿಗಳು ಬದಲಾಗುತ್ತವೆ, ಗುತ್ತಿಗೆದಾರರೂ ಬದಲಾಗುತ್ತಾರೆ.

ಅಳತೆಯ ಜೊತೆ ಏಕಮಾನದ ಸಂಕೇತವೂ ಕಾಲವೂ ಇರಲೇಬೇಕು. ಅಬ್ಸರ್ವ್ಡ್‌ಅಟ್ ಎಂಬಲ್ಲಿ ತುಂಬಬೇಕಾದದ್ದು ಅಳೆದ ಹೊತ್ತು. ಸರ್ವರಿಗೆ ಬಂದು ಮುಟ್ಟಿದ ಹೊತ್ತಲ್ಲ. ಮಳೆಯಲ್ಲಿ ನೆಟ್‌ವರ್ಕ್ ಹೋಗಿ ಎರಡು ಗಂಟೆಯ ಅಳತೆಗಳು ಒಟ್ಟಿಗೆ ಬಂದಾಗ ಈ ತಪ್ಪಿಗೆ ಬೆಲೆ ತೆರಬೇಕಾಗುತ್ತದೆ: ಎಲ್ಲ ಮಳೆಯೂ ಒಂದೇ ಕ್ಷಣದಲ್ಲಿ ಸುರಿದಂತೆ ಕಾಣುತ್ತದೆ. ಕಾಲವನ್ನು ಯುಟಿಸಿಯಲ್ಲೇ (ಜಾಗತಿಕ ಪ್ರಮಾಣ ಸಮಯದಲ್ಲೇ) ಉಳಿಸಿ, ತೋರಿಸುವಾಗ ಮಾತ್ರ 5 ಗಂಟೆ 30 ನಿಮಿಷ ಸೇರಿಸಿ. ಕೆಲವು ಮೀಟರ್‌ಗಳು ಭಾರತೀಯ ಸಮಯವನ್ನೇ ಯುಟಿಸಿ ಎಂದು ಹೆಸರಿಸಿ ಕಳಿಸುತ್ತವೆ. ಭವಿಷ್ಯದ ಕಾಲಮುದ್ರೆ ಹೊತ್ತ ಅಳತೆ ಬಂದರೆ ಅದನ್ನು ತಡೆದು ನಿಲ್ಲಿಸುವ ನಿಯಮ ಬರೆಯಿರಿ. ಇನ್ನು, ಅಳತೆ ಬರಲಿಲ್ಲ ಎಂದರೆ ಸೊನ್ನೆ ತುಂಬಬೇಡಿ. ಮಳೆ ಇಲ್ಲ ಎಂಬುದಕ್ಕೂ ಮಾಪಕ ಸತ್ತಿದೆ ಎಂಬುದಕ್ಕೂ ಇರುವ ವ್ಯತ್ಯಾಸ ಅಲ್ಲಿಗೆ ಅಳಿಸಿಹೋಗುತ್ತದೆ.

ಪ್ರಶ್ನೆ: ನಮ್ಮ ಪಟ್ಟಣದಲ್ಲಿ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ಕೊಳವೆ ಜಾಲಕ್ಕೆ ಟ್ವಿನ್ ಮಾಡಿದರೆ ಸೋರಿಕೆ ಪತ್ತೆಯಾಗುತ್ತದೆಯೇ?
– ನೀರು ಸರಬರಾಜು ವಿಭಾಗದ ಸಿಬ್ಬಂದಿ, ಉತ್ತರ ಕರ್ನಾಟಕ

ಇಡೀ ಜಾಲಕ್ಕೆ ಕೈ ಹಾಕಬೇಡಿ. ಕೊಳವೆ ಜಾಲದ ಲೆಕ್ಕ ಮಾಡುವ ಎಪಾನೆಟ್‌ನಂಥ ತಂತ್ರಾಂಶಗಳು ಕೊಳವೆ ಸದಾ ತುಂಬಿರುತ್ತದೆ ಎಂದು ಭಾವಿಸಿ ಲೆಕ್ಕ ಮಾಡುತ್ತವೆ. ನಿಮ್ಮಲ್ಲಿ ಪ್ರತಿ ಸಲ ವಾಲ್ವ್ ತೆರೆದಾಗ ಕೊಳವೆ ಖಾಲಿಯಿಂದ ತುಂಬುತ್ತದೆ, ಆ ಹೊತ್ತಿನ ಲೆಕ್ಕ ಅದಕ್ಕೆ ಸಿಗುವುದಿಲ್ಲ. 2020ರಲ್ಲಿ ಬಂದ ಎಪಾನೆಟ್ 2.2ರಲ್ಲಿ ಒತ್ತಡಕ್ಕೆ ತಕ್ಕಂತೆ ನೀರು ಸಿಗುವ ಲೆಕ್ಕ ಸೇರಿದೆ. ಕೊಳವೆ ತುಂಬಿದ ನಂತರದ ಹೊತ್ತಿಗೆ ಅದು ಉಪಯೋಗಕ್ಕೆ ಬರುತ್ತದೆ. ಮೊದಲ ತುಂಬುವಿಕೆಯನ್ನು ತಿಳಿಯಲು ಕೆಲವರು ಮಳೆನೀರಿನ ಸ್ವಿಮ್ಮನ್ನೇ ಬಳಸುತ್ತಾರೆ. ಮೀಟರ್ ವಿಷಯದಲ್ಲೂ ಎಚ್ಚರ ಬೇಕು: ನೀರಿಗೆ ಮುಂಚೆ ನುಗ್ಗುವ ಗಾಳಿಗೂ ತಿರುಗುವ ಮೀಟರ್ ಓಡುತ್ತದೆ. ವಾಲ್ವ್ ತೆರೆದ ಮೊದಲ ನಿಮಿಷಗಳ ಅಳತೆಗೆ ‘ಗಾಳಿ ಇರಬಹುದು’ ಎಂಬ ಗುರುತು ಹಾಕಿ ಬೇರೆಯಿಡಿ.

ಓವರ್‌ಹೆಡ್ ಟ್ಯಾಂಕಿನಿಂದ ಶುರು ಮಾಡಿ. 10 ಮೀಟರ್ ವ್ಯಾಸದ ಟ್ಯಾಂಕಿನಲ್ಲಿ 1 ಸೆಂ.ಮೀ. ಇಳಿದರೆ 785 ಲೀಟರ್ ಹೋಯಿತು ಎಂದರ್ಥ. ಒಳ-ಹೊರ ವಾಲ್ವ್‌ಗಳು ಮುಚ್ಚಿದ ರಾತ್ರಿ ನಾಲ್ಕು ಗಂಟೆಯಲ್ಲಿ 6 ಸೆಂ.ಮೀ. ಇಳಿದರೆ 4,700 ಲೀಟರ್ ಎಲ್ಲೋ ಹೋಗಿದೆ: ಟ್ಯಾಂಕ್ ಬಿರುಕು ಬಿಟ್ಟಿರಬೇಕು, ಇಲ್ಲವೇ ವಾಲ್ವ್ ಪೂರ್ತಿ ಕೂರುತ್ತಿಲ್ಲ. ಇಷ್ಟಕ್ಕೆ ಬೇಕಾದದ್ದು ಒಂದು ಮಟ್ಟದ ಸೆನ್ಸರ್ ಮತ್ತು ವಾಲ್ವ್‌ಮ್ಯಾನ್ ತೆರೆದ-ಮುಚ್ಚಿದ ಹೊತ್ತಿನ ದಾಖಲೆ. ಎರಡನೆಯದನ್ನು ಯಾರೂ ಮಾದರಿಯಲ್ಲಿ ಸೇರಿಸುವುದಿಲ್ಲ. ಆದರೆ ಜಾಲದ ನಿಜವಾದ ಸ್ಥಿತಿ ಗೊತ್ತಿರುವುದು ಆ ವಾಲ್ವ್‌ಮ್ಯಾನ್‌ಗೇ. ಯಾವ ವಾಲ್ವ್ ಎಷ್ಟು ಸುತ್ತು ತಿರುಗಿಸಿದರೆ ಪೂರ್ತಿ ತೆರೆಯುತ್ತದೆ, ಯಾವುದು ಅರ್ಧಕ್ಕೇ ನಿಂತಿದೆ ಎಂದು ಅವರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ ಬರೆದುಕೊಳ್ಳಿ. ಅವರ ಮೊಬೈಲಿನಲ್ಲಿ ಎರಡೇ ಗುಂಡಿಯ ಕನ್ನಡದ ಆ್ಯಪ್ ಇರಲಿ.

ರಾತ್ರಿಯ ಕನಿಷ್ಠ ಹರಿವು ನೋಡಿ ಸೋರಿಕೆ ಅಂದಾಜು ಮಾಡುವ ವಿಧಾನ ಪುಸ್ತಕಗಳಲ್ಲಿದೆ. 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಪ್ರಾಯೋಗಿಕ ವಲಯಗಳಲ್ಲಿ ಬಂದಂಥ ದಿನವಿಡೀ ನೀರಿನ ವ್ಯವಸ್ಥೆಗೆ ಅದು ಒಗ್ಗುತ್ತದೆ. ಅಲ್ಲೂ ಮನೆಯ ಸಂಪು, ಮೇಲಿನ ಟ್ಯಾಂಕು ನಡುರಾತ್ರಿ ತುಂಬುತ್ತಿರುತ್ತವೆ. ಆದ್ದರಿಂದ ಬೆಳಗಿನ ಜಾವ 2ರಿಂದ 4ರ ಹರಿವೆಲ್ಲ ಸೋರಿಕೆ ಎಂದುಕೊಳ್ಳಬೇಡಿ. ಹಲವು ರಾತ್ರಿಗಳಲ್ಲಿ ಕಂಡ ಅತಿ ಕಡಿಮೆ ಹರಿವನ್ನು ಹಿಡಿಯಿರಿ.

ಪ್ರಶ್ನೆ: ಡಿ ಸೈಜಿನ 19 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಹತ್ತು ವರ್ಷ ಬರುತ್ತದೆ ಎನ್ನುತ್ತಾರೆ. ನಮ್ಮ ಲೋರಾವ್ಯಾನ್ (ಕಡಿಮೆ ವಿದ್ಯುತ್ತಿನ, ದೂರ ತಲುಪುವ ರೇಡಿಯೋ ಜಾಲ) ಸಾಧನಗಳಲ್ಲಿ ಎರಡು ವರ್ಷವೂ ಬರಲಿಲ್ಲ. ಯಾಕೆ?
– ನಿರ್ವಹಣಾ ಗುತ್ತಿಗೆದಾರರು, ತುಮಕೂರು

ಸ್ಪ್ರೆಡಿಂಗ್ ಫ್ಯಾಕ್ಟರ್ (ಎಸ್‌ಎಫ್) ನೋಡಿ. ಇದು ಹೆಚ್ಚಿದಷ್ಟೂ ಸಂದೇಶ ದೂರ ತಲುಪುತ್ತದೆ, ಆದರೆ ನಿಧಾನವಾಗಿ ಹೋಗುತ್ತದೆ. 20 ಬೈಟ್ ಸಂದೇಶ ಎಸ್‌ಎಫ್ 7ರಲ್ಲಿ ಸುಮಾರು 72 ಮಿಲಿಸೆಕೆಂಡಿಗೆ ಮುಗಿಯುತ್ತದೆ, ಎಸ್‌ಎಫ್ 12ರಲ್ಲಿ 1.8 ಸೆಕೆಂಡ್ ಹಿಡಿಯುತ್ತದೆ: 25 ಪಟ್ಟು. ಕಳಿಸುವಾಗ 120 ಮಿಲಿಆಂಪಿಯರ್ ಎಳೆಯುವ ಸಾಧನ ಎಸ್‌ಎಫ್ 12ರಲ್ಲಿ 5 ನಿಮಿಷಕ್ಕೊಮ್ಮೆ ಕಳಿಸಿದರೆ ವರ್ಷಕ್ಕೆ 6.3 ಆಂಪಿಯರ್-ಅವರ್ ಬರಿಯ ರೇಡಿಯೋಗೇ ಹೋಗುತ್ತದೆ. ಸೆನ್ಸರ್ ಎಳೆಯುವುದು, ಬ್ಯಾಟರಿ ತಾನಾಗಿ ಇಳಿಯುವುದು ಬೇರೆ. 15 ನಿಮಿಷಕ್ಕೊಮ್ಮೆ ಮಾಡಿದರೆ 2.1. ಬೀಡುಕಬ್ಬಿಣದ ಮುಚ್ಚಳದಡಿ ಆಂಟೆನಾ ಇಟ್ಟರೆ ಸಿಗ್ನಲ್ ಸೊರಗಿ ಸಾಧನ ತಾನಾಗಿಯೇ ಎಸ್‌ಎಫ್ 12ಕ್ಕೆ ಏರಿ ಕೂರುತ್ತದೆ. ಆಂಟೆನಾ ಹೊರಗೆ ತನ್ನಿ, ಇಲ್ಲವೇ ಸಂದೇಶಗಳನ್ನು ಹಿಡಿಯುವ ಗೇಟ್‌ವೇಯನ್ನು ಹತ್ತಿರ ತನ್ನಿ. ಭಾರತದ 865-867 ಮೆಗಾಹರ್ಟ್ಸ್‌ಗೇ ಮಾಡಿದ ಆಂಟೆನಾ ಹೌದೇ ಎಂದೂ ನೋಡಿ.

ಇನ್ನೊಂದು ಕಾರಣವೂ ಇರಬಹುದು. ಲಿಥಿಯಂ ಥಯೋನಿಲ್ ಕ್ಲೋರೈಡ್ ಬ್ಯಾಟರಿ ಬಹಳ ಹೊತ್ತು ಸುಮ್ಮನಿದ್ದರೆ ಒಳಗೆ ಪದರ ಕಟ್ಟುತ್ತದೆ. ಆಮೇಲೆ ಒಮ್ಮೆಲೇ ಹೆಚ್ಚು ಕರೆಂಟ್ ಕೇಳಿದರೆ ವೋಲ್ಟೇಜ್ ಕುಸಿದು ಸಾಧನ ಮರುಚಾಲನೆಯಾಗುತ್ತದೆ. ಪ್ರತಿ ಮರುಚಾಲನೆಯಲ್ಲೂ ನೆಟ್‌ವರ್ಕ್ ಸೇರಲು ಮತ್ತೆ ಮತ್ತೆ ಯತ್ನಿಸಿ ಇನ್ನಷ್ಟು ಖರ್ಚು. ಪಕ್ಕದಲ್ಲೊಂದು ಸೂಪರ್ ಕೆಪಾಸಿಟರ್ ಇದ್ದರೆ ಈ ತೊಂದರೆ ನಿಲ್ಲುತ್ತದೆ.

ಪ್ರಶ್ನೆ: ಟ್ವಿನ್ ತಾನೇ ವಾಲ್ವ್, ತೂಬಿನ ಗೇಟು ತಿರುಗಿಸುವಂತೆ ಮಾಡಬಹುದೇ?
– ಉಪನ್ಯಾಸಕರು, ಶಿವಮೊಗ್ಗ

ಮಾಡಬಹುದು, ಆದರೆ ಮೊದಲ ಮಳೆಗಾಲದಲ್ಲಿ ಬೇಡ. ಒಂದು ಋತುವಿಡೀ ಟ್ವಿನ್ ಸಲಹೆ ಮಾತ್ರ ಕೊಡಲಿ, ಕೆಲಸ ಮನುಷ್ಯರೇ ಮಾಡಲಿ. ಸಲಹೆ ಸರಿಯಿತ್ತೇ ಎಂದು ದಾಖಲಾಗಲಿ.

ಕಾರಣ ಭೌತಶಾಸ್ತ್ರದಲ್ಲಿದೆ. ಕಬ್ಬಿಣದ ಕೊಳವೆಯಲ್ಲಿ ಸೆಕೆಂಡಿಗೆ 1 ಮೀಟರ್ ವೇಗದ ನೀರನ್ನು ಒಮ್ಮೆಲೇ ತಡೆದರೆ ಸುಮಾರು 10 ಬಾರ್ ಹೆಚ್ಚುವರಿ ಒತ್ತಡ ಎದ್ದು ಹಳೆಯ ಕೊಳವೆಯ ಜೋಡಣೆಗಳು ಬಿಡುತ್ತವೆ. ಎಷ್ಟು ನಿಧಾನ ಮುಚ್ಚಬೇಕು ಎಂಬ ಮಿತಿ ಸ್ಥಳದಲ್ಲೇ ಇರುವ ಪಿಎಲ್‌ಸಿಯಲ್ಲಿ (ಯಂತ್ರ ನಿಯಂತ್ರಿಸುವ ಪುಟ್ಟ ಕಂಪ್ಯೂಟರಿನಲ್ಲಿ) ಇರಲಿ, ಕ್ಲೌಡ್‌ನಲ್ಲಲ್ಲ. ನೆಟ್‌ವರ್ಕ್ ಹೋದರೆ ಗೇಟು ಯಾವ ಸ್ಥಿತಿಗೆ ಹೋಗಬೇಕು ಎಂಬುದನ್ನೂ ಅಲ್ಲೇ ಬರೆಯಬೇಕು.

ಮಾದರಿಯಲ್ಲಿ ‘ಬೇಕಾದ ಸ್ಥಿತಿ’, ‘ವರದಿಯಾದ ಸ್ಥಿತಿ’ ಎಂದು ಎರಡು ಗುಣಗಳಿರಲಿ. ಪರದೆಯ ಮೇಲೆ ಎರಡನೆಯದೇ ಕಾಣಲಿ. ಆದೇಶ ‘ಶೇ. 40 ತೆರೆ’ ಎಂದಿರಲಿ, ‘ಇನ್ನೂ ಶೇ. 10 ತೆರೆ’ ಎಂದರೆ ಅದೇ ಸಂದೇಶ ಎರಡು ಸಲ ತಲುಪಿದಾಗ ಶೇ. 20 ತೆರೆದುಬಿಡುತ್ತದೆ. ಪ್ರತಿ ಆದೇಶಕ್ಕೂ ಅವಧಿ ಇರಲಿ, ಮೀರಿದರೆ ತಾನಾಗಿ ರದ್ದಾಗಲಿ. ಬ್ಯಾಟರಿಯ ಲೋರಾವ್ಯಾನ್ ಕ್ಲಾಸ್ ಎ ಸಾಧನ ತಾನು ಸಂದೇಶ ಕಳಿಸಿದ ಮೇಲಷ್ಟೇ ಕೇಳಿಸಿಕೊಳ್ಳುತ್ತದೆ. 15 ನಿಮಿಷಕ್ಕೊಮ್ಮೆ ಕಳಿಸುವ ಸಾಧನಕ್ಕೆ ಆದೇಶ ಮುಟ್ಟಲು 15 ನಿಮಿಷವೂ ಬೇಕಾಗಬಹುದು. ಗೇಟಿಗೆ ಕರೆಂಟ್ ಸಂಪರ್ಕವಿದ್ದು ಸದಾ ಕೇಳಿಸಿಕೊಳ್ಳುವ ಕ್ಲಾಸ್ ಸಿ ಅಥವಾ ತಂತಿ ಸಂಪರ್ಕವೇ ಸರಿ.

ಪ್ರಶ್ನೆ: ನಮ್ಮ ಬಡಾವಣೆಯ ಮನೆಗಳಿಗೆ ಸ್ಮಾರ್ಟ್ ನೀರಿನ ಮೀಟರ್ ಬರುತ್ತಿದೆ. ಯಾವಾಗ ಮನೆಯಲ್ಲಿದ್ದೇವೆ, ಯಾವಾಗ ಇಲ್ಲ ಎಂಬುದು ಬೇರೆಯವರಿಗೆ ತಿಳಿಯುವುದಿಲ್ಲವೇ?
– ಗೃಹಿಣಿ, ಮೈಸೂರು

ತಿಳಿಯಬಹುದು, ನಿಮ್ಮ ಆತಂಕ ಸರಿಯಾದದ್ದೇ. ನಿಮಿಷ ನಿಮಿಷದ ಬಳಕೆ ಗೊತ್ತಾದರೆ ಮನೆಯವರ ದಿನಚರಿಯೇ ಗೊತ್ತಾಗುತ್ತದೆ. ಬಿಲ್ಲಿಗೆ ತಿಂಗಳ ಓದು ಸಾಕು. ಸೋರಿಕೆ ಲೆಕ್ಕಕ್ಕೆ ಬೀದಿಯ ಒಟ್ಟು ಮೊತ್ತ ಸಾಕು. ಟ್ವಿನ್‌ಗೆ ಒಂದೊಂದು ಮನೆಯ ಅಂಕಿ ಬೇಕಾಗುವುದೇ ಇಲ್ಲ. ನಿಮ್ಮ ಸಂಘದಿಂದ ಲಿಖಿತವಾಗಿ ಮೂರು ಪ್ರಶ್ನೆ ಕೇಳಿ: ಮನೆಯ ಮೀಟರ್ ಎಷ್ಟು ಹೊತ್ತಿಗೊಮ್ಮೆ ಅಂಕಿ ಕಳಿಸುತ್ತದೆ, ಮನೆ ಸಂಖ್ಯೆಯೊಡನೆ ಅದನ್ನು ಯಾರು ನೋಡಬಹುದು, ಎಷ್ಟು ತಿಂಗಳಿಗೆ ಅಳಿಸುತ್ತಾರೆ. ಕೇಳುವಾಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಪತ್ರದಲ್ಲಿ ಉಲ್ಲೇಖಿಸಿ. ಮನೆಯೊಳಗಿನ ಸೋರಿಕೆಯ ಎಚ್ಚರಿಕೆ ನಿಮಗೂ ಬೇಕೆಂದಿದ್ದರೆ ಅದನ್ನು ಮೀಟರಿನೊಳಗೇ ಲೆಕ್ಕ ಹಾಕಬಹುದು: 24 ಗಂಟೆಯಲ್ಲಿ ಒಮ್ಮೆಯೂ ಹರಿವು ಸೊನ್ನೆಗೆ ಇಳಿಯದಿದ್ದರೆ ‘ಸೋರಿಕೆ ಇರಬಹುದು’ ಎಂಬ ಒಂದೇ ಗುರುತನ್ನು ಮೀಟರ್ ಕಳಿಸಿದರೆ ಸಾಕು.